ಕುದುರೆಗೆ ಸಲಾಂ, ಇಸ್ಪೀಟಿಗೆ ಲಾಠಿ

1/9

ಮೊದಲ ಫೋಟೋದಲ್ಲಿ ಇರೋದು ರೇಸ್ ಬುಕ್. ಅಂಚಲ್ಲಿ ಕಾಣೋ ಪೆನ್ಸಿಲ್ ಗುರುತೆಲ್ಲ ನಂದೇ. ಹೌದು, ನಾನು ಕುದುರೆ ಮೇಲೆ ದುಡ್ಡು ಕಟ್ತೀನಿ. ಕದ್ದುಮುಚ್ಚಿ ಅಲ್ಲ, ಗೇಟಲ್ಲಿ ಟಿಕೆಟ್ ತಗೊಂಡು, ಕೌಂಟರ್ ಮುಂದೆ ಕ್ಯೂ ನಿಂತು ಕಟ್ತೀನಿ. ಬೈಯೋರು ಇಲ್ಲೇ ಬೈದು ಮುಗಿಸಿಬಿಡಿ. ಇನ್ನೂ ಎಂಟು ಭಾಗ ಇದೆ, ಎಲ್ಲದಕ್ಕೂ ಅದನ್ನೇ ಬರೀತಾ ಕೂತ್ರೆ ನಿಮಗೇ ಬೇಜಾರು.

ಬಿಕಾಂ ಹುಡುಗ, ಲೆಕ್ಕ ಇಡದೆ ಇರ್ತೀನಾ? ಒಂದು ವರ್ಷದಲ್ಲಿ 14 ಸಲ ಹೋಗಿದ್ದೀನಿ. ಕಟ್ಟಿದ್ದು 9,300 ರೂಪಾಯಿ. ವಾಪಸ್ ಬಂದಿದ್ದು 5,150. ನಷ್ಟ 4,150. ಗೆಲ್ತೀನಿ ಅಂತ ಹೋಗೋನಲ್ಲ ಅಂತ ಇದರಲ್ಲೇ ಗೊತ್ತಾಗುತ್ತೆ. ರೇಸಿಗೆ ಮುಂಚೆ ಕುದುರೆಗಳನ್ನ ಸುತ್ತು ಹೊಡೆಸ್ತಾರಲ್ಲ, ಅದನ್ನ ನೋಡ್ತಾ ನಿಲ್ಲೋದು ನಂಗಿಷ್ಟ. ಕೊನೇ ಇನ್ನೂರು ಮೀಟರಲ್ಲಿ ಇಡೀ ಸ್ಟ್ಯಾಂಡ್ ಎದ್ದು ಕೂಗುತ್ತಲ್ಲ, ಅದೂ ಇಷ್ಟ. ಪಕ್ಕದಲ್ಲಿ ನಿಂತಿರೋ ಎಪ್ಪತ್ತು ವರ್ಷದ ತಾತ, "ಏ ಮಗಾ, ಆರನೇ ನಂಬರ್ ಬಿಡ್ಬೇಡ" ಅಂತ ಕಿವೀಲಿ ಹೇಳಿ ಇಬ್ಬರನ್ನೂ ಸೋಲಿಸೋದೂ ಇಷ್ಟ.

ಆದ್ರೆ ಈ ಸರಣಿಯಲ್ಲಿ ಕುದುರೆ ಕಮ್ಮಿ, ಕಾನೂನು ಜಾಸ್ತಿ. ನಾನು ಆಡೋದನ್ನ ನಮ್ಮ ಕಾನೂನು ಜೂಜೇ ಅಲ್ಲ ಅನ್ನುತ್ತೆ. ನಮ್ಮ ಚಿಕ್ಕಪ್ಪ ಆಡಿದ್ದನ್ನ ಅಪರಾಧ ಅಂದಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಎರಡು ತಿಂಗಳಿಂದ ಹುಡುಕ್ತಿದ್ದೀನಿ. ಸಿಕ್ಕಿದ್ದನ್ನ ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

2/9

2021ರ ದೀಪಾವಳಿ. ನಮ್ಮೂರು ಮಂಡ್ಯ ಕಡೆ. ಹಬ್ಬದ ರಾತ್ರಿ ಇಸ್ಪೀಟ್ ಆಡೋದು ನಮ್ಮಲ್ಲಿ ಹೋಳಿಗೆಯಷ್ಟೇ ಹಳೇ ಪದ್ಧತಿ. ಅರಳಿಕಟ್ಟೆ ಹತ್ರ ಚಾಪೆ ಹಾಸಿ, ಪಕ್ಕದ ಮನೆಯಿಂದ ಒಂದು ಬಲ್ಬ್ ಎಳ್ಕೊಂಡು ಎಂಟು ಜನ ಅಂದರ್ ಬಾಹರ್ ಆಡ್ತಿದ್ರು. ಒಂದಾಟಕ್ಕೆ ಐವತ್ತು ರೂಪಾಯಿ. ಜೀಪ್ ಬಂತು. ಮೂರು ಜನ ಗದ್ದೆಗೆ ಹಾರಿ ಓಡಿದ್ರು. ಚಿಕ್ಕಪ್ಪನಿಗೆ ಮಂಡಿನೋವು, ಕೂತ ಜಾಗದಲ್ಲೇ ಸಿಕ್ಕಿಬಿದ್ದ.

ಮಾರನೇ ದಿನ ಪೇಪರಲ್ಲಿ ನಾಲ್ಕು ಸಾಲು: ಜೂಜು ಅಡ್ಡೆ ಮೇಲೆ ದಾಳಿ, ಐವರ ಬಂಧನ, 4,300 ರೂ. ನಗದು ವಶ. ಹೆಸರು, ಊರು ಸಮೇತ. ಅಜ್ಜಿ ಎರಡು ದಿನ ಊಟ ಬಿಟ್ಟಳು. ಚಿಕ್ಕಪ್ಪ ಕೋರ್ಟಿಗೆ ಹೋಗಿ ತಪ್ಪೊಪ್ಕೊಂಡು ದಂಡ ಕಟ್ಟಿ ಬಂದ. ಡೇರಿಗೆ ಹಾಲು ಹಾಕೋಕೆ ಹೋದ್ರೆ ಸಾಕು, ಹುಡುಗ್ರು "ಅಂದರ್ರಾ ಬಾಹರ್ರಾ?" ಅಂತ ಕೇಳೋರು. ಆರು ತಿಂಗಳು ಡೇರಿಗೆ ಚಿಕ್ಕಮ್ಮನೇ ಹೋದ್ರು.

ಸಾರ್ವಜನಿಕ ಜಾಗದಲ್ಲಿ ಜೂಜಾಡಿದ್ರೆ ಹಿಡಿಯೋದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಸೆಕ್ಷನ್. ಈಗ ಅದೇ ಕಾಯ್ದೆಯ ಮೊದಲ ಪುಟಗಳಿಗೆ ಬನ್ನಿ. ಜೂಜು ಅಂದ್ರೆ ಏನು ಅಂತ ವಿವರಿಸೋ ಜಾಗದಲ್ಲೇ ಕುದುರೆ ರೇಸಿನ ಬಾಜಿಯನ್ನ ಹೊರಗಿಟ್ಟಿದ್ದಾರೆ. ಷರತ್ತು ಇಷ್ಟೇ: ರೇಸ್ ನಡೆಯೋ ದಿನ, ಅದಕ್ಕೆ ಅಂತ ಮೀಸಲಿಟ್ಟ ಆವರಣದೊಳಗೆ ಕಟ್ಟಿರಬೇಕು.

ಅಂದ್ರೆ ಒಂದು ಬೇಲಿ. ಬೇಲಿ ಒಳಗೆ ಇದ್ರೆ ನೀವು ರೇಸ್ ಪ್ರೇಮಿ. ಹೊರಗೆ ಚಾಪೆ ಮೇಲಿದ್ರೆ ಆರೋಪಿ ನಂಬರ್ 3.

3/9

ಕಥೆ ಇಲ್ಲಿಗೆ ಮುಗಿದಿದ್ರೆ ನಾನು ಬರೀತಾನೇ ಇರಲಿಲ್ಲ.

ಅದೇ ವರ್ಷ, ದೀಪಾವಳಿಗೆ ಒಂದು ತಿಂಗಳು ಮುಂಚೆ, ಅಕ್ಟೋಬರ್ 5ರಂದು ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂದಿತ್ತು. ಫೋನಲ್ಲಿ ದುಡ್ಡು ಕಟ್ಟಿ ಆಡೋ ಆಟ ಎಲ್ಲ ನಿಷೇಧ, ಕೌಶಲದ ಆಟ ಆದ್ರೂ ಸರಿ. ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಅದರಲ್ಲೂ ಕುದುರೆ ರೇಸಿಗೆ ವಿನಾಯಿತಿ ಹಾಗೇ ಉಳೀತು, ಗಮನಿಸಿ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗವನ್ನ ರದ್ದು ಮಾಡಿತು. ಕೌಶಲದ ಆಟವನ್ನ ಜೂಜಿನ ಜೊತೆ ಕಟ್ಟಿ ನಿಷೇಧಿಸೋ ಹಾಗಿಲ್ಲ ಅಂತ.

ಚಿಕ್ಕಪ್ಪನಿಗೆ ಕಟ್ಟೆ ಹತ್ರ ಹೋಗೋಕೆ ಭಯ, ನಾಚಿಕೆ. ಫೋನಲ್ಲಿ ರಮ್ಮಿ ಆಡೋಕೆ ಯಾವ ಭಯ? ಜೀಪ್ ಬರಲ್ಲ, ಪೇಪರಲ್ಲಿ ಹೆಸರು ಬರಲ್ಲ. "ಇದು ಕಾನೂನುಬದ್ಧ ಕಣೋ, ಕೋರ್ಟೇ ಹೇಳಿದೆ" ಅಂತ ನಂಗೇ ಹೇಳಿದ್ದ. ರಾತ್ರಿ ಹನ್ನೆರಡಕ್ಕೆ ಕಂಬಳಿ ಒಳಗೆ ಬೆಳಕು ಕಾಣೋದು. ಮೊದಲು ಒಂದು ಹಸು ಹೋಯ್ತು. ಮೇವು ದುಬಾರಿ ಅಂದ. ಆಮೇಲೆ ಇನ್ನೊಂದು ಹೋಯ್ತು.

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಕೌಶಲ, ಅದೃಷ್ಟ ಅನ್ನೋ ಭೇದ ಇಲ್ಲ, ದುಡ್ಡು ಕಟ್ಟಿ ಆಡಿಸೋ ಆನ್‌ಲೈನ್ ಆಟ ಎಲ್ಲ ಬಂದ್. ಆ ವಾರ ಚಿಕ್ಕಪ್ಪ ಬ್ಯಾಂಕ್ ಸ್ಟೇಟ್‌ಮೆಂಟ್ ತಂದು ನನ್ನ ಮುಂದೆ ಇಟ್ಟ. "ಕೂಡಿ ಹೇಳು, ನಿಂಗೆ ಲೆಕ್ಕ ಬರುತ್ತಲ್ಲ" ಅಂದ. ನಲವತ್ತೊಂದು ಪುಟ. ನಾನು ಕೂಡ್ತಾ ಇದ್ದೆ, ಅವನು ಗೋಡೆ ನೋಡ್ತಾ ಕೂತಿದ್ದ.

1,86,000 ರೂಪಾಯಿ.

ಚಾಪೆ ಮೇಲೆ ಹಿಡಿದ ರಾತ್ರಿ ಅವನ ಜೇಬಲ್ಲಿ ಇದ್ದಿದ್ದು 700.

4/9

"ಕೌಶಲ" ಅನ್ನೋ ಪದ ಎಷ್ಟು ಕೆಲಸ ಮಾಡಿದೆ ನೋಡಿ.

1967ರಲ್ಲಿ ಆಂಧ್ರದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್, ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂದಿತು. ಎಲೆ ನೆನಪಿಟ್ಕೊಬೇಕು, ಯಾವುದು ಇಟ್ಕೊಬೇಕು ಯಾವುದು ಬಿಡಬೇಕು ಅಂತ ಗೊತ್ತಿರಬೇಕು. ಕುದುರೆಯ ಕಥೆ ತಮಿಳುನಾಡಿನದು. ಅಲ್ಲಿನ ಸರ್ಕಾರ 1974ರಲ್ಲಿ ರೇಸಿನ ಬಾಜಿಯನ್ನೇ ನಿಲ್ಲಿಸೋಕೆ ಕಾಯ್ದೆ ತಂತು, 1986ರಲ್ಲಿ ಮದ್ರಾಸ್ ರೇಸ್ ಕ್ಲಬ್ಬನ್ನೇ ವಶಕ್ಕೆ ತಗೊಳ್ಳೋಕೆ ಇನ್ನೊಂದು ಕಾಯ್ದೆ ಮಾಡಿತು. ಕ್ಲಬ್ ಸುಪ್ರೀಂ ಕೋರ್ಟಿಗೆ ಹೋಯ್ತು. 1996ರಲ್ಲಿ ತೀರ್ಪು ಬಂತು: ಕುದುರೆಯ ಸಾಮರ್ಥ್ಯ, ತರಬೇತಿ, ಜಾಕಿಯ ನೈಪುಣ್ಯ ಇವೇ ಗೆಲುವನ್ನ ನಿರ್ಧರಿಸ್ತವೆ, ಹಾಗಾಗಿ ಇದು ಕೌಶಲದ ಆಟ.

ರೇಸ್ ಆಡೋನಾಗಿ ನಾನು ಇದನ್ನ ಒಪ್ತೀನಿ. ರೇಸ್ ಬುಕ್ ಓದೋದು ಸುಲಭ ಇಲ್ಲ. ಕುದುರೆ ಮೇಲೆ ಎಷ್ಟು ತೂಕ ಹಾಕಿದ್ದಾರೆ, ಹಿಂದಿನ ಸಲ ಎಷ್ಟು ದೂರ ಓಡಿ ಎಷ್ಟನೇದು ಬಂತು, ಮಳೆ ಬಿದ್ದ ಟ್ರ್ಯಾಕಲ್ಲಿ ಹೇಗೆ ಓಡುತ್ತೆ, ಬೆಳಗಿನ ಅಭ್ಯಾಸದಲ್ಲಿ ಹೇಗಿತ್ತು, ಇಷ್ಟೆಲ್ಲ ನೋಡಬೇಕು.

ಆದ್ರೆ ಒಂದು ಪ್ರಶ್ನೆ. ಆಟದಲ್ಲಿ ಕೌಶಲ ಇದ್ರೆ ಸೋಲೋನ ಗತಿ ಏನು? ಅಂದರ್ ಬಾಹರಲ್ಲಿ ಎಂಟು ಜನಕ್ಕೂ ಬುದ್ಧಿ ಕೆಲಸಕ್ಕೆ ಬರಲ್ಲ. ಇವತ್ತು ಇವನು, ನಾಳೆ ಅವನು. ಊರ ದುಡ್ಡು ಊರಲ್ಲೇ ಸುತ್ತುತ್ತೆ. ಕೌಶಲದ ಆಟದಲ್ಲಿ ಬಲ್ಲವನು ದಿನಾ ಗೆಲ್ತಾನೆ, ಬರದವನು ದಿನಾ ಸೋಲ್ತಾನೆ. ಜೊತೆಗೆ ಆಡಿಸೋನು ಪ್ರತಿ ಆಟಕ್ಕೂ ಕಮಿಷನ್ ಹಿಡೀತಾನೆ. ಚಿಕ್ಕಪ್ಪನ ಎದುರು ಕೂತಿದ್ದು ಯಾರು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಕೋರ್ಟುಗಳು ಕೇಳಿದ್ದು ಆಟದ ಬಗ್ಗೆ. ಆಡೋನಿಗೆ ಏನಾಗುತ್ತೆ ಅಂತ ಕೇಳಬೇಕಾಗಿದ್ದು ಶಾಸಕರು. ಅವರು ಕೋರ್ಟಿನ ಪದ ಹಿಡ್ಕೊಂಡು ಕೈ ತೊಳ್ಕೊಂಡ್ರು.

5/9

ಈ ಭಾಗ ನನ್ನ ಸಿಲಬಸ್ಸಿಂದ. ಕಾಮರ್ಸ್ ಮಕ್ಕಳು ಸೇವ್ ಮಾಡ್ಕೊಳ್ಳಿ, ಪರೀಕ್ಷೆಗೂ ಬರುತ್ತೆ.

1872ರ ಕರಾರು ಕಾಯ್ದೆ, ಸೆಕ್ಷನ್ 30. ಬಾಜಿ ಕರಾರು ಅನೂರ್ಜಿತ, ಗೆದ್ದೋನು ಕೋರ್ಟಿಗೆ ಹೋಗಿ ವಸೂಲಿ ಮಾಡೋಕಾಗಲ್ಲ. ಅದರ ಕೆಳಗೇ ಒಂದು ವಿನಾಯಿತಿ: ಕುದುರೆ ರೇಸಲ್ಲಿ ಗೆದ್ದೋರಿಗೆ ಕೊಡೋ 500 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬಹುಮಾನಕ್ಕೆ ಎತ್ತೋ ಚಂದಾ ಕಾನೂನುಬಾಹಿರ ಅಲ್ಲ. 1872ರಲ್ಲಿ 500 ರೂಪಾಯಿ ಬಹುಮಾನ ಇಡೋರು ಯಾರಿದ್ರು, ಯೋಚನೆ ಮಾಡಿ. ಬ್ರಿಟಿಷ್ ಸಾಹೇಬ್ರು ಬರೆದ ಕಾಯ್ದೆ, ಸಾಹೇಬರ ಆಟಕ್ಕೆ ಬಾಗಿಲು ತೆರೆದಿಟ್ರು. ಬಾಗಿಲು ಇನ್ನೂ ಮುಚ್ಚಿಲ್ಲ.

ಇನ್ನು ಆದಾಯ ತೆರಿಗೆ ಕಾಯ್ದೆ. ನಾನು ಒಂದು ದಿನ ರೇಸಲ್ಲಿ 20,000 ಗೆದ್ದೆ, ವರ್ಷದ ಉಳಿದ ದಿನಗಳಲ್ಲಿ 50,000 ಸೋತೆ ಅಂದ್ಕೊಳ್ಳಿ. ನಿಮ್ಮ ಪ್ರಕಾರ ನನಗೆ 30,000 ನಷ್ಟ. ಕಾಯ್ದೆ ಪ್ರಕಾರ ನನಗೆ 20,000 ಆದಾಯ. ಅದಕ್ಕೆ 30% ತೆರಿಗೆ, ಅಂದ್ರೆ 6,000, ಸೆಸ್ ಬೇರೆ. ಸೋತಿದ್ದನ್ನ ಕಳೆಯೋ ಹಾಗಿಲ್ಲ.

ಅದೇ ರೇಸಿನ ಕುದುರೆ ಸಾಕಿರೋ ಮಾಲೀಕನಿಗೆ? ಸಾಕೋ ಖರ್ಚು ಕಳೀಬಹುದು. ನಷ್ಟ ಆದ್ರೆ ನಾಲ್ಕು ವರ್ಷ ಮುಂದಕ್ಕೆ ಒಯ್ದು, ಅದೇ ಚಟುವಟಿಕೆಯ ಲಾಭದ ಎದುರು ಸರಿದೂಗಿಸಬಹುದು.

ಫ್ಯೂಚರ್ಸ್ ಅಂಡ್ ಆಪ್ಷನ್ಸಲ್ಲಿ ಸೋತೋನಿಗೆ? ಅದು "ವ್ಯವಹಾರ ನಷ್ಟ". ಎಂಟು ವರ್ಷ ಒಯ್ಯಬಹುದು.

ಮೂರು ಜನ ದುಡ್ಡು ಕಳ್ಕೊಂಡ್ರು. ಒಬ್ಬನಿಗೆ ಎಂಟು ವರ್ಷ, ಒಬ್ಬನಿಗೆ ನಾಲ್ಕು ವರ್ಷ, ಕ್ಯೂನಲ್ಲಿ ನಿಂತೋನಿಗೆ ಸೊನ್ನೆ. ಕೊನೇ ದರ್ಜೆಯೂ ಇಲ್ಲದೋನು ಚಾಪೆ ಮೇಲೆ ಕೂತೋನು.

6/9

"ಅದಕ್ಕೇ ಸರ್ಕಾರ ರೇಸಿಗೆ ಜೋರು ಟ್ಯಾಕ್ಸ್ ಹಾಕಿದೆಯಲ್ಲ" ಅಂತೀರಾ? ಹಾಕಿದೆ. ಕೂತು ಲೆಕ್ಕ ಮಾಡೋಣ.

2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮುಖಬೆಲೆ ಮೇಲೆ 28% ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಅದು 40%. ಕ್ಲಬ್ಬಿನ ಕಮಿಷನ್ ಮೇಲೆ ಅಲ್ಲ, ಗೆದ್ದ ದುಡ್ಡಿನ ಮೇಲೂ ಅಲ್ಲ, ನಾನು ಕಟ್ಟಿದ ಪ್ರತಿ ರೂಪಾಯಿ ಮೇಲೆ.

ತೆರಿಗೆ ಪೂರ್ತಿ ನನ್ನ ಮೇಲೇ ಬಿತ್ತು ಅಂದ್ಕೊಳ್ಳಿ. ಒಂದಕ್ಕೆ ಒಂದು ಕೊಡೋ ಕುದುರೆ ಮೇಲೆ 100 ಕಟ್ಟಬೇಕು ಅಂದ್ರೆ ಜೇಬಿಂದ 140 ಹೋಗುತ್ತೆ. ಗೆದ್ರೆ ಕೈಗೆ 200. ಲಾಭ 60. ಸೋತ್ರೆ ನಷ್ಟ 140. ಬರೀ ಅಸಲು ಉಳಿಸ್ಕೊಳ್ಳೋಕೆ ಹತ್ತರಲ್ಲಿ ಏಳು ಸಲ ಗೆಲ್ಲಬೇಕು. ಅಷ್ಟು ಗೆಲ್ಲೋನು ಯಾರಾದ್ರೂ ಇದ್ರೆ ನಂಗೆ ಮೆಸೇಜ್ ಮಾಡಿ, ಕಾಲಿಗೆ ಬೀಳ್ತೀನಿ. ದೊಡ್ಡ ಮೊತ್ತ ಗೆದ್ರೆ, ಅಂದ್ರೆ 10,000 ಮೀರಿದ್ರೆ, 30% ಟಿಡಿಎಸ್ ಹಿಡ್ಕೊಂಡೇ ಕೊಡ್ತಾರೆ.

ಇಷ್ಟು ತೆರಿಗೆ ಹಾಕಿದ್ರೆ ಜನ ಬಿಟ್ಟುಬಿಡ್ತಾರಾ? ಕೆಲವರು ಬಿಡ್ತಾರೆ, ಸರಿ. ಉಳಿದವರು ಫೋನಲ್ಲಿ ಬಾಜಿ ತಗೊಳ್ಳೋ ಕಳ್ಳ ಬುಕ್ಕಿ ಹತ್ರ ಹೋಗ್ತಾರೆ. ಅವನಿಗೆ ಜಿಎಸ್‌ಟಿ ಇಲ್ಲ, ಟಿಡಿಎಸ್ ಇಲ್ಲ, ರಸೀದಿ ಇಲ್ಲ. ಕೌಂಟರಲ್ಲಿ ಎಂದೂ ಸಿಗದೇ ಇರೋ ಒಂದು ಸೌಲಭ್ಯ ಅವನ ಹತ್ರ ಇದೆ: ಸಾಲ. "ಸೋಮವಾರ ಕೊಡಿ ಸಾರ್" ಅಂತಾನೆ. ಜೇಬಲ್ಲಿ ಇದ್ದಷ್ಟೇ ಸೋಲ್ತಿದ್ದೋನು ಈಗ ಇಲ್ಲದ್ದನ್ನೂ ಸೋಲ್ತಾನೆ, ಸೋಮವಾರ ವಸೂಲಿಗೆ ಬರೋರು ನಯವಾಗಿ ಮಾತಾಡಲ್ಲ.

ಚಟ ಬಿಡಿಸ್ತೀನಿ ಅಂತ ಹಾಕಿದ ತೆರಿಗೆ, ಬೆಳಕಲ್ಲಿ ಇದ್ದೋನನ್ನ ಕತ್ತಲೆಗೆ ತಳ್ಳಿತು.

7/9

ಈಗ ಸರ್ಕಾರದ ನೈತಿಕತೆ ಬಗ್ಗೆ ಸ್ವಲ್ಪ.

ಬಾಜಿ, ಜೂಜು ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ಹಾಗಾಗಿ ಪಾಪ ಯಾವುದು ಪುಣ್ಯ ಯಾವುದು ಅನ್ನೋದು ಚೆಕ್‌ಪೋಸ್ಟಲ್ಲಿ ಬದಲಾಗುತ್ತೆ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ವಿರಾಜಪೇಟೆ ದಾಟಿ ಕಣ್ಣೂರು ಕಡೆ ಇಳಿದ್ರೆ ಕೇರಳ ಸರ್ಕಾರವೇ ಲಾಟರಿ ಮಾರುತ್ತೆ, 1967ರಿಂದ. ಬೆಳಗಾವಿಯಿಂದ ಘಾಟಿ ಇಳಿದು ಪಣಜಿಗೆ ಹೋದ್ರೆ ಮಾಂಡೋವಿ ನದಿ ಮೇಲೆ ಕ್ಯಾಸಿನೋ ಹಡಗು ದೀಪ ಹಾಕ್ಕೊಂಡು ನಿಂತಿರ್ತವೆ.

ಅದೇ 2007ರಲ್ಲಿ ಇಲ್ಲಿ ಸಾರಾಯಿ ಹೋಯ್ತು. ಕುಡಿತ ಹೋಯ್ತಾ? 2025-26ರ ಬಜೆಟ್ಟಲ್ಲಿ ಅಬಕಾರಿಯಿಂದ ಬರಬೇಕಾದ ಗುರಿ 40,000 ಕೋಟಿ. ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಬೋರ್ಡ್ ಹಾಕ್ಕೊಂಡೇ ಮದ್ಯದಂಗಡಿ ನಡೆಸುತ್ತೆ. ಹೊಸಬಾಟಲಿಗೆ ಗುರಿ ಇಡೋ ಸರ್ಕಾರ ಚಾಪೆ ಮೇಲಿನ ಐವತ್ತು ರೂಪಾಯಿಗೆ ನೀತಿ ಹೇಳುತ್ತೆ.

ಇನ್ನು ಕೋಟು ಹಾಕ್ಕೊಂಡ ಜೂಜು. 2024ರ ಸೆಪ್ಟೆಂಬರಲ್ಲಿ ಸೆಬಿ ಒಂದು ಅಧ್ಯಯನ ಹೊರತಂತು. 2021-22ರಿಂದ 2023-24ರ ತನಕ ಮೂರು ವರ್ಷದಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 93% ಜನಕ್ಕೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಜಾಸ್ತಿ. ಇದು ಸರ್ಕಾರಿ ಲೆಕ್ಕ, ನನ್ನದಲ್ಲ. ನಮ್ಮ ಕ್ಲಾಸಲ್ಲಿ ಎಕ್ಸ್‌ಪೈರಿ ದಿನ ಹಿಂದಿನ ಬೆಂಚಿನ ಹುಡುಗ್ರು ಬೋರ್ಡ್ ನೋಡಲ್ಲ. ಅವರನ್ನ ಯಾರೂ ಜೂಜುಕೋರ ಅನ್ನಲ್ಲ, "ಮಾರ್ಕೆಟ್ ಮಾಡ್ತಾನೆ" ಅಂತಾರೆ. ಹೆಣ್ಣು ಕೊಡೋರಿಗೂ ಹಾಗೇ ಹೇಳ್ತಾರೆ.

8/9

"ಹಾಗಾದ್ರೆ ಎಲ್ಲ ಓಪನ್ ಬಿಡಬೇಕಾ?" ಬೇಡ. ಹಸು ಮಾರಿದ ಮನೆಯಿಂದ ಬಂದೋನು ಹಾಗೆ ಹೇಳಲ್ಲ.

ನನ್ನ ವಾದ ಒಂದೇ. ಅಳತೆಗೋಲು ಬದಲಾಗಲಿ. ಕೌಶಲವೋ ಅದೃಷ್ಟವೋ ಅಂತ ಕೇಳೋ ಬದಲು ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಬೇಗ ಸೋಲ್ತಾನೆ? ಯಾರ ದುಡ್ಡಲ್ಲಿ ಸೋಲ್ತಾನೆ? ಯಾರಿಗಾದ್ರೂ ಕಾಣುತ್ತಾ? ಸಾಕು ಅಂತ ಎದ್ದು ಹೋಗೋಕೆ ದಾರಿ ಇದೆಯಾ?

ಕಟ್ಟೆ ಇಸ್ಪೀಟ್: ವರ್ಷಕ್ಕೆ ಎರಡು ಮೂರು ರಾತ್ರಿ, ಜೇಬಿನ ದುಡ್ಡು, ಇಡೀ ಊರಿಗೆ ಕಾಣುತ್ತೆ, ಚಿಕ್ಕಮ್ಮ ಬಂದು ಕಿವಿ ಹಿಂಡಿ ಕರ್ಕೊಂಡು ಹೋಗಬಹುದು. ಫೋನಿನ ಆಟ: ಇಪ್ಪತ್ನಾಲ್ಕು ಗಂಟೆ, ನಿಮಿಷಕ್ಕೊಂದು ಆಟ, ಪಕ್ಕದ ಆ್ಯಪಲ್ಲೇ ಸಾಲ, ಕಂಬಳಿ ಒಳಗೆ. ನಮ್ಮ ಕಾನೂನು ನಾಲ್ಕು ವರ್ಷದ ಹಿಂದೆ ಯಾವುದನ್ನ ಹಿಡೀತು, ಯಾವುದನ್ನ ಬಿಟ್ಟಿತು?

ಈ ಗೋಲು ನನ್ನ ಕುದುರೆಗೂ ಬೀಳಲಿ. ರೇಸ್ ಕೋರ್ಸಲ್ಲಿ ಅರ್ಧ ಗಂಟೆಗೊಂದು ರೇಸ್, ಎಲ್ಲರ ಮುಂದೆ ಆಟ, ಅದು ಸರಿ. ಆದ್ರೆ ಬೇರೆ ಊರಿನ ರೇಸನ್ನ ಟಿವಿ ಪರದೆಯಲ್ಲಿ ಹಾಕಿ ಮಧ್ಯೆ ಮಧ್ಯೆ ಬಾಜಿ ತಗೋತಾರಲ್ಲ, ಆಗ ಕುದುರೆ ನೋಡೋರು ಯಾರೂ ಇರಲ್ಲ, ನಂಬರ್ ಅಷ್ಟೇ. ಕೊನೇ ರೇಸ್ ಮುಗಿದ ಮೇಲೆ ಗೇಟ್ ಹತ್ರ ಬಸ್ ಚಾರ್ಜ್ ಕೇಳೋ ಹಿರಿಯರನ್ನ ಕಣ್ಣಾರೆ ನೋಡಿದ್ದೀನಿ. ಒಂದು ಸಲ ಕೊಟ್ಟಿದ್ದೀನಿ. ಅದನ್ನೂ ಮತ್ತೆ ಕಟ್ಟಿರಬಹುದು.

ಕೌರವರ ಸಭೆಯಲ್ಲಿ ಧರ್ಮರಾಯನನ್ನೂ ಹಾಳು ಮಾಡಿದ್ದು ಇವೇ ಅಲ್ವಾ? ಬಿಡುವಿಲ್ಲದ ಆಟ, ಒಡ್ಡೋಕೆ ತನ್ನದಲ್ಲದ ಸ್ವತ್ತು, ಸಾಕು ಅಂದ ವಿದುರನ ಮಾತಿಗೆ ಕಿವಿ ಇಲ್ಲ. ಶಕುನಿಗೆ ಕೌಶಲ ಇತ್ತು. ಅದು ಆಟವನ್ನ ಒಳ್ಳೇದು ಮಾಡಲಿಲ್ಲ.

9/9

ಕೊನೇ ಭಾಗ. ನಾನು ಕೇಳೋದು ಇಷ್ಟು.

ಆಡೋನನ್ನ ಹಿಡಿಯೋದು ನಿಲ್ಲಿಸಿ. 2025ರ ಕೇಂದ್ರದ ಕಾಯ್ದೆ ಆಡಿಸೋರಿಗೆ, ಜಾಹೀರಾತು ಕೊಡೋರಿಗೆ ಶಿಕ್ಷೆ ಇಟ್ಟಿದೆ, ಆಡಿ ಸೋತೋನನ್ನ ಬಿಟ್ಟಿದೆ. ಆ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು ಅದೇ. ಫೋನಲ್ಲಿ ಸೋತೋನು ಸಂತ್ರಸ್ತ ಆದ್ರೆ ಚಾಪೆ ಮೇಲೆ ಸೋತೋನು ಹೇಗೆ ಅಪರಾಧಿ? ರಾಜ್ಯದ ಪೊಲೀಸ್ ಕಾಯ್ದೆಯಲ್ಲೂ ಅದನ್ನೇ ಮಾಡಿ. ಅಡ್ಡೆ ನಡೆಸಿ ಕಮಿಷನ್ ಹೊಡೆಯೋನನ್ನ ಹಿಡೀರಿ, ಹಬ್ಬದ ದಿನ ಐವತ್ತು ರೂಪಾಯಿ ಇಟ್ಟೋನ ಹೆಸರನ್ನ ಪೇಪರಿಗೆ ಕೊಡಬೇಡಿ.

ತೆರಿಗೆಯನ್ನ ಆಡಿಸೋರ ಕಮಿಷನ್ ಮೇಲೆ ಹಾಕಿ. ಸೋತಿದ್ದನ್ನ ಕಳೆದು ಉಳಿದಿದ್ದಕ್ಕೆ ಆದಾಯ ತೆರಿಗೆ ತಗೊಳ್ಳಿ. "ನನ್ನನ್ನ ಒಳಗೆ ಬಿಡಬೇಡಿ" ಅಂತ ಬರೆದುಕೊಟ್ಟೋನನ್ನ ನಿಜವಾಗ್ಲೂ ಗೇಟಲ್ಲೇ ತಡೀರಿ. ಜೂಜಿನಿಂದ ಬಂದ ತೆರಿಗೆಯಲ್ಲಿ ಒಂದು ಪಾಲು ಜೂಜಿನಿಂದ ಕೆಟ್ಟವರ ಚಿಕಿತ್ಸೆಗೆ ಅಂತ ಎತ್ತಿಡಿ.

ಈ ಸಲ ದೀಪಾವಳಿಗೆ ಊರಿಗೆ ಹೋಗಿದ್ದೆ. ಕೊನೇ ಫೋಟೋ ಅದೇ ಅರಳಿಕಟ್ಟೆ, ರಾತ್ರಿ ಹತ್ತು ಗಂಟೆ. ಚಾಪೆ ಇಲ್ಲ, ಬಲ್ಬ್ ಇಲ್ಲ, ಪೊಲೀಸರು ಬರೋ ಅಗತ್ಯವೂ ಇಲ್ಲ. ಕಟ್ಟೆ ಮೇಲೆ ನಾಲ್ಕು ಹುಡುಗ್ರು ದೂರ ದೂರ ಕೂತಿದ್ದಾರೆ, ನಾಲ್ಕು ಮುಖದ ಮೇಲೂ ಫೋನಿನ ಬೆಳಕು. ಮುಚ್ಚಿದ ಆ್ಯಪ್ ಬದಲು ಯಾರೋ ಕಳಿಸಿದ ಲಿಂಕ್, ಯಾವ ದೇಶದ್ದೋ. ಒಬ್ಬ ನನ್ನ ಚಿಕ್ಕಪ್ಪನ ಮಗ. ಹದಿನೇಳು ವರ್ಷ.

ಚಿಕ್ಕಪ್ಪ ಮನೇಲಿ ಟಿವಿ ನೋಡ್ತಿದ್ದ. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ನಾಳೆ ಫೋನ್ ಮಾಡ್ತೀನಿ.

ನಿಮ್ಮ ಮನೇಲೂ ಕಂಬಳಿ ಒಳಗೆ ಬೆಳಕು ಕಾಣ್ತಿದ್ರೆ ಬೈಯೋ ಮುಂಚೆ ಪಕ್ಕ ಕೂತು ಸ್ಟೇಟ್‌ಮೆಂಟ್ ಕೂಡಿ. ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಬೆಂಗಳೂರಲ್ಲಿ ಇರೋರಿಗೆ ನಿಮ್ಹಾನ್ಸಲ್ಲಿ ಫೋನ್ ಚಟಕ್ಕೇ ಅಂತ ಶಟ್ ಕ್ಲಿನಿಕ್ ಇದೆ.

ಒಪ್ಪದೇ ಇರೋರು ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ. ಬಾಜಿ ಮಾತ್ರ ಬೇಡ.

#ಕುದುರೆರೇಸ್ #ಜೂಜುಮತ್ತುಕಾನೂನು #ಇಸ್ಪೀಟ್ #ಬಿಕಾಂಲೆಕ್ಕ #ಕನ್ನಡಬರಹ